ಬೀಜಕ್ಕೆ ಬಿಟ್ಟ ಮೊಗೆಕಾಯಿ

ಕಳ್ಳತನಕ್ಕೆ ಹಬ್ಬದ ಹೆಸರಿಟ್ಟುಬಿಟ್ಟರೆ ಅದು ಕಳ್ಳತನವಲ್ಲ ಎಂದು ಯಾರು ತೀರ್ಮಾನಿಸಿದರೋ ನನಗೆ ಗೊತ್ತಿಲ್ಲ. ತೀರ್ಮಾನಿಸಿದವರು ತರಕಾರಿ ಬೆಳೆದವರಲ್ಲ, ಅಷ್ಟಂತೂ ಖಂಡಿತ. ತೊಂಬತ್ತರ ದಶಕದಲ್ಲಿ ಸಿದ್ದಾಪುರದ ಬಾಡಿಗೆ ಮನೆಯ ಅಂಗಳದಲ್ಲಿ ನಾನು ಮೊದಲ ಸಲ ತರಕಾರಿ ಬೆಳೆದ ಸಂಗತಿಯನ್ನು ಹೇಳಲು ಕೂತರೆ ಇವತ್ತಿಗೂ ಸಿಟ್ಟು ಮೊದಲು ಬರುತ್ತದೆ, ಮಾತು ಆಮೇಲೆ.

ನನ್ನ ತವರು ಗುಡ್ನಾಪುರದ ಹತ್ತಿರ, ಕೆರೆಯ ಕೆಳಗಿನ ಗದ್ದೆಬಯಲಿನಲ್ಲಿ. ಅಲ್ಲಿ ಅವ್ವ ಹಿತ್ತಲಲ್ಲಿ ಸೌತೆ ಬೆಳೆಯುತ್ತಿದ್ದಳು. ಹಸಿ ತಿನ್ನುವ ಸೌತೆಯಲ್ಲ. ದಪ್ಪಗೆ ಬೆಳೆದು, ಹಣ್ಣಾದಾಗ ಅರಿಸಿನ ಬಣ್ಣಕ್ಕೆ ತಿರುಗುವ, ಹುಳಿಗೆ ಹಾಕುವ ಸೌತೆ. ಸಿದ್ದಾಪುರದವರು ಮೊಗೆಕಾಯಿ ಎನ್ನುವುದು ಇದನ್ನೇ. ಅವ್ವ ಪ್ರತಿವರ್ಷ ಬಳ್ಳಿಯಲ್ಲಿ ಚೆಂದದ ಒಂದು ಕಾಯಿಯನ್ನು ಬೀಜಕ್ಕೆಂದು ಬಿಟ್ಟು, ಅದರ ತೊಟ್ಟಿಗೆ ಹಳೇ ಸೀರೆಯ ಚಿಂದಿ ಕಟ್ಟುತ್ತಿದ್ದಳು. ಚಿಂದಿ ಕಟ್ಟಿದ ಮೇಲೆ ಮನೆಗೆ ಎಂಥ ನೆಂಟರು ಬಂದರೂ ಅದನ್ನು ಕೊಯ್ಯುವಂತಿರಲಿಲ್ಲ. ಅದು ಪೂರಾ ಹಣ್ಣಾದ ಮೇಲೆ ಬೀಜ ತೆಗೆದು, ತೊಳೆದು, ಬೂದಿಯಲ್ಲಿ ಹೊರಳಿಸಿ, ಸಗಣಿಯಲ್ಲಿ ಒತ್ತಿ ಅಡುಗೆಮನೆಯ ಗೋಡೆಗೆ ಬಿಲ್ಲೆಬಿಲ್ಲೆಯಾಗಿ ತಟ್ಟುತ್ತಿದ್ದಳು. ಮುಂದಿನ ಮಳೆಗಾಲದವರೆಗೆ ಬೀಜಕ್ಕೆ ಅದೇ ಮನೆ.

ಅವ್ವ ತೀರಿಕೊಂಡ ಮೇಲೆ ಅಣ್ಣ ಆ ಗೋಡೆಗೆ ಸಿಮೆಂಟ್ ಗಿಲಾಯಿ ಮಾಡಿಸಲು ಹೊರಟ. ಗೋಡೆ ಕೆರೆಯುವ ಹಿಂದಿನ ದಿನ ನಾನು ಅಲ್ಲಿದ್ದೆ ಎನ್ನುವುದೇ ಪುಣ್ಯ. "ಆ ಸಗಣಿ ಬಿಲ್ಲೆ ತಗೊಂಡು ಏನ್ ಮಾಡ್ತಿಯವ್ವಾ, ಬಿಡು, ಅಂಗಡ್ಯಾಗ ಬೀಜದ ಪಾಕೀಟು ಸಿಗ್ತಾವ" ಎಂದ. ಅವ್ವನ ಕೈಯ ಐದು ಬೆರಳೂ ಮೂಡಿದ್ದ ಆ ಬಿಲ್ಲೆಗಳನ್ನು ಅಂಗಡಿಯ ಪಾಕೀಟಿನ ಜೊತೆ ತೂಗಿದ ಅಣ್ಣನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕುಡಗೋಲಿನ ತುದಿಯಿಂದ ಅವುಗಳನ್ನು ಎಬ್ಬಿಸಿ, ಸೆರಗಿನಲ್ಲಿ ಕಟ್ಟಿಕೊಂಡು ಸಿದ್ದಾಪುರಕ್ಕೆ ಬಂದೆ.

ನನ್ನವರು ಅದೇ ತಾಲ್ಲೂಕಿನ ಹೆಗ್ಗರಣೆ ಕಡೆಯವರು, ಪೇಟೆಯಲ್ಲಿ ಕಚೇರಿ ನೌಕರಿ. ನಾವಿದ್ದದ್ದು ಬಾಡಿಗೆ ಮನೆ. ಒಂದೇ ಅಂಗಳ, ಆ ತುದಿಯಲ್ಲಿ ಮನೆಯ ಯಜಮಾನರ ಸಂಸಾರ, ಈ ತುದಿಯಲ್ಲಿ ನಾವು. ಅಂಗಳವೆಂದರೆ ಬರೀ ಚಿರೆಕಲ್ಲು. ಪಿಕಾಸಿ ಹಾಕಿದರೆ ಕಿಡಿ ಹಾರುತ್ತಿತ್ತು. ಅದರಲ್ಲೇ ಗುಂಡಿ ತೋಡಿ, ಮಣ್ಣು ತುಂಬಿ, ಅರ್ಧದಷ್ಟು ಬೀಜ ಹಾಕಿದೆ. ತವರಿನಲ್ಲಿ ಎಲ್ಲರೂ ಪಾತಿ ತೋಡಿಯೇ ಬೆಳೆಯುತ್ತಿದ್ದರಲ್ಲ, ರೈತರ ಮನೆ ಮಗಳಿಗೆ ಇದನ್ನೂ ಯಾರಾದರೂ ಕಲಿಸಬೇಕೇ ಎಂಬ ಜಂಬ ಬೇರೆ. ಆಷಾಢ ಶುರುವಾಗುವ ಹೊತ್ತಿಗೆ ಕಲ್ಲಿನ ಗುಂಡಿಗಳೆಲ್ಲ ಬಾನಿಗಳ ಹಾಗೆ ತುಂಬಿ ನಿಂತವು. ನೀರು ಕೆಳಗಿಳಿಯಲು ದಾರಿಯೇ ಇರಲಿಲ್ಲ. ಎರಡೆಲೆಯ ಸಸಿಗಳು ಕೊಳೆತು ತೇಲಿದವು.

ಮನೆಯೊಡತಿ ಜಗುಲಿಯ ಮೇಲೆ ನಿಂತು ಲೊಚಗುಟ್ಟಿದರು. "ಆನು ಅವತ್ತೇ ಅಂದ್ಕಂಡಿದ್ದೆ ತಂಗಿ, ಈ ಗುಂಡಿ ಮಳೆಗೆ ತಡೀತಿಲ್ಲೆ ಹೇಳಿ."

ಅಂದುಕೊಂಡಿದ್ದರಂತೆ! ನಾನು ಬೆನ್ನು ಮುರಿದು ಗುಂಡಿ ತೋಡುವಾಗ ಅದೇ ಜಗುಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದವರು ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಕೇಳಿದ್ದಕ್ಕೆ, "ಎಂತಕ್ಕೆ ಹೇಳದು, ನಿಂಗಳ ಕಡೆ ಹಂಗೇ ಮಾಡ್ತ್ವನ ಅಂದ್ಕಂಡಿ" ಎಂದು ನಕ್ಕರು. ನನ್ನ ಅರ್ಧ ಬೀಜ ಅವರ ಆ ಸಂಕೋಚಕ್ಕೆ ಆಹುತಿಯಾಯಿತು.

ಮರುವರ್ಷ ನೆಲದ ಸಹವಾಸವೇ ಬೇಡವೆಂದು ಮಣ್ಣನ್ನೇ ಮೇಲಕ್ಕೆತ್ತಿದೆ. ಮಳೆ ನಾಡಿನಲ್ಲಿ ಎಲ್ಲರೂ ಮಾಡುವುದು ಅದನ್ನೇ, ಏರಿ ಎನ್ನುತ್ತಾರೆ. ಗದ್ದೆಯ ಹಾಗೆ ತಗ್ಗಿನಲ್ಲಿ ನೀರು ನಿಲ್ಲಿಸುವ ಬದಲು, ಮೊಣಕಾಲೆತ್ತರದ ದಿಬ್ಬ ಕಟ್ಟಿ ನೀರನ್ನು ಓಡಿಸುವುದು. ನಾಲ್ಕೂ ಕಡೆ ಅಡಿಕೆ ಮರದ ಸೀಳು ದಬ್ಬೆ ಇಟ್ಟು, ಒಡೆದ ಹಂಚುಗಳನ್ನು ನೆಟ್ಟಗೆ ನಿಲ್ಲಿಸಿ ಒತ್ತು ಕೊಟ್ಟೆ. ತಳಕ್ಕೆ ದರಕು, ಅಂದರೆ ಗುಡ್ಡದಿಂದ ಗುಡಿಸಿ ತಂದ ಒಣ ಎಲೆ. ಅದರ ಮೇಲೆ ರಸ್ತೆ ಬದಿಯ ಚರಂಡಿಯಲ್ಲಿ ಕೊಚ್ಚಿ ಬಂದು ನಿಂತ ಮಣ್ಣು. ಚರಂಡಿ ಮಣ್ಣು ಹೊರುವುದನ್ನು ನೋಡಿ ನನ್ನವರಿಗೆ ಮರ್ಯಾದೆ ಹೋಯಿತು. "ಸಂತೆಲಿ ಮೊಗೆಕಾಯಿ ರಾಶಿ ಬಿದ್ದಿರ್ತದೆ ಮಾರಾಯ್ತಿ, ಅದಕ್ಕೆಂತಕ್ಕೆ ಇಷ್ಟು ಒದ್ದಾಟ? ಆಫೀಸಿನವ್ರು ನೋಡಿದ್ರೆ ಎಂತ ಅಂತಾರೆ?" ಒಂದು ಬುಟ್ಟಿ ಮಣ್ಣಿಗೂ ಅವರ ಕೈ ತಾಗಲಿಲ್ಲ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಏರಿ ಎದ್ದದ್ದೇ ತಡ, ಹಿಂದಿನ ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದ ಊರೇ ಬುದ್ಧಿ ಹೇಳತೊಡಗಿತು. ಎತ್ತರ ಸಾಲದು ಎಂದರು, ಜಾಸ್ತಿಯಾಯಿತು ಎಂದರು. ಬೇಲಿಯಾಚೆ ಹೋಗುವವರು ಕೊಡೆ ಮಡಿಸಿ ನಿಂತು, ಸಾಲು ಓರೆಯಾಗಿದೆ ಎಂದರು. ಯಜಮಾನರು ಬಂದು, ಗೋಡೆಯಿಂದ ದೂರ ಇರಲಿ, ಹಬ್ಬಕ್ಕೆ ಬಣ್ಣ ಹೊಡೆಸುವುದಿದೆ ಎಂದು ಎಚ್ಚರಿಸಿ ಹೋದರು. ಉಳಿದಿದ್ದ ಬೀಜವನ್ನೆಲ್ಲ ಹಾಕಿಬಿಟ್ಟೆ, ಜೊತೆಗೆ ಒಂದಿಷ್ಟು ಬೆಂಡೆ, ಹರಿವೆ. ಇದೂ ಕೊಳೆತರೆ ಅವ್ವನ ಸೌತೆ ಈ ಭೂಮಿಯ ಮೇಲೆ ಎಲ್ಲಿಯೂ ಇರುತ್ತಿರಲಿಲ್ಲ.

ಮಳೆ ಹೊಡೆಯಿತು, ಏರಿ ಅಲುಗಲಿಲ್ಲ. ನೀರು ಹಂಚಿನ ಸಂದಿಯಿಂದ ಇಳಿದು ಹೋಗುತ್ತಿತ್ತು. ಬಸವನಹುಳುಗಳು ಬಂದು ಸಸಿಗಳನ್ನು ಮುಕ್ಕತೊಡಗಿದಾಗ ಸುತ್ತಲೂ ಒಲೆಯ ಬೂದಿ ಚೆಲ್ಲಿದೆ, ಮಳೆ ಅದನ್ನು ತೊಳೆಯಿತು, ಮತ್ತೆ ಚೆಲ್ಲಿದೆ. ಮಂಗಗಳು ಬೆಂಡೆಯನ್ನು ತಿಂದು ಮೊಗೆಯನ್ನು ಬಿಟ್ಟವು. ಬಳ್ಳಿ ದಬ್ಬೆಯನ್ನು ದಾಟಿ ಅಂಗಳಕ್ಕೆ ಹರಿಯಿತು. ಕಾಯಿ ಕೊಳೆಯಬಾರದೆಂದು ಒಂದೊಂದರ ಅಡಿಗೂ ಹಂಚಿನ ತುಂಡು ಇಟ್ಟೆ. ಎಲ್ಲಕ್ಕಿಂತ ದೊಡ್ಡದನ್ನು ಆರಿಸಿ, ಅವ್ವನ ಸೀರೆಯದೇ ಚಿಂದಿ ಹರಿದು ತೊಟ್ಟಿಗೆ ಕಟ್ಟಿದೆ. ಕಟ್ಟುವಾಗ ನನ್ನವರು ಪಕ್ಕದಲ್ಲೇ ನಿಂತು ಹಲ್ಲುಜ್ಜುತ್ತಿದ್ದರು. "ಇದು ಬೀಜಕ್ಕ, ಮುಟ್ಟಬ್ಯಾಡ್ರಿ" ಎಂದು ಅವರಿಗೆ ಬಾಯಿಬಿಟ್ಟು ಹೇಳಿದ್ದೆ.

ಉಳಿದ ಕಾಯಿಗಳನ್ನು ಎಳೆಯವಿರುವಾಗಲೇ ಕೊಯ್ದು ಅಡುಗೆ ಮಾಡಿದೆ, ಆಚೀಚೆ ಮನೆಗೂ ಕೊಟ್ಟೆ. ಬೀಜದ ಕಾಯಿ ಅರಿಸಿನ ಬಣ್ಣಕ್ಕೆ ತಿರುಗಿ, ಮೈಮೇಲೆ ಬಿಳಿ ಗೀರು ಮೂಡಿಸಿಕೊಂಡು ಏರಿಯ ಮೇಲೆ ಕೂತಿತ್ತು. ದೀಪಾವಳಿ ಬಂತು. ಅಲ್ಲಿ ಅದನ್ನು ದೊಡ್ಡ ಹಬ್ಬ ಎನ್ನುತ್ತಾರೆ. ಹಬ್ಬ ಮುಗಿಸಿ ಬೀಜ ತೆಗೆಯೋಣ ಎಂದುಕೊಂಡಿದ್ದೆ.

ಹಬ್ಬದ ಬೆಳಗ್ಗೆ ರಂಗೋಲಿ ಹಾಕಲು ಬಾಗಿಲು ತೆಗೆದರೆ ಏರಿಯ ಮೇಲೆ ಬರೀ ಹಂಚಿನ ತುಂಡಿತ್ತು. ಚಿಂದಿ ಕೆಸರಿನಲ್ಲಿ ಬಿದ್ದಿತ್ತು. ದಬ್ಬೆಯೊಂದು ಕಿತ್ತು, ನಾನು ಕಟ್ಟಿದ ಮಣ್ಣು ಜರಿದು, ಅದರ ಮೇಲೆ ದೊಡ್ಡ ದೊಡ್ಡ ಕಾಲಿನ ಗುರುತುಗಳಿದ್ದವು. ನಾನು ಕೂಗಿಕೊಂಡೆ. ಬೇಲಿಯಾಚೆ ಹೋಗುತ್ತಿದ್ದವರು ನಿಂತು ನೋಡಿ, ಸಂಭ್ರಮದಿಂದ ನಕ್ಕರು. "ಓಹೋ, ಬೂರೆ ಆತಾ!"

ಬೂರೆ ಎಂದರೆ ಇದು: ದೊಡ್ಡ ಹಬ್ಬದ ಹಿಂದಿನ ರಾತ್ರಿ ಊರಿನ ಗಂಡಸರು ಗುಂಪು ಕಟ್ಟಿಕೊಂಡು ಕಂಡವರ ಹಿತ್ತಲಿಗೆ ನುಗ್ಗಿ ಎಳನೀರು, ಬಾಳೆಗೊನೆ, ಮೊಗೆಕಾಯಿ ಕದಿಯಬಹುದು. ಕಳಕೊಂಡವರು ಸಿಟ್ಟು ಮಾಡುವಂತಿಲ್ಲ. ಬೈದರೆ ಕದ್ದವರಿಗೆ ಇನ್ನೂ ಖುಷಿ. ನಮ್ಮ ಕಡೆ ಈ ಆಟ ಇತ್ತೋ ಏನೋ, ನಮ್ಮ ಮನೆಯಲ್ಲಂತೂ ನಾನು ಕೇಳಿರಲಿಲ್ಲ. ನನ್ನವರು ಒಳಗಿನಿಂದ ಟವೆಲ್ಲು ಹೊದ್ದು ಬಂದು, "ಬೂರೆಗೆ ಹೋದದ್ದಕ್ಕೆ ಯಾರಾದ್ರೂ ಅಳ್ತಾರಾ? ಹಬ್ಬದ ದಿನ ಮುಖ ಗಂಟು ಹಾಕ್ಕೊಳ್ಬೇಡ" ಎಂದರು. ಕಾಲು ತೊಳೆದಿದ್ದರೂ ಉಗುರಿನ ಸಂದಿಯಲ್ಲಿ ಕೆಂಪು ಮಣ್ಣಿತ್ತು. ಆಗ ಅದು ನನಗೆ ಹೊಳೆಯಲಿಲ್ಲ.

ಅವತ್ತು ಮಧ್ಯಾಹ್ನ ನಮಗೆ ಯಜಮಾನರ ಮನೆಯಲ್ಲೇ ಊಟ. ಹೋಗುವ ಮನಸ್ಸಿರಲಿಲ್ಲ, ಹೋದೆ. ಗಂಡಸರ ಪಂಕ್ತಿ ಮುಗಿದು ಅವರೆಲ್ಲ ಜಗುಲಿಯಲ್ಲಿ ಎಲೆಯಡಿಕೆ ಹಾಕುತ್ತ ಕೂತಿದ್ದರು. ಹೆಂಗಸರ ಪಂಕ್ತಿಯಲ್ಲಿ ನನ್ನ ಎಲೆಗೆ ಹುಳಿ ಬಡಿಸುತ್ತ ಮನೆಯೊಡತಿ ನಗು ತಡೆಯಲಾರದೆ ಹೇಳಿದರು. "ಬೇಜಾರು ಮಾಡ್ಕಳಡ ತಂಗಿ, ಇದು ನಿಂದೇ ಮೊಗೆಕಾಯಿ! ನಿಮ್ಮನೆಯವ್ರೇ ಬ್ಯಾಟ್ರಿ ಹಿಡ್ದು ತೋರ್ಸಿದ್ವಡ."

ಸಾಲಿನಲ್ಲಿ ಕೂತವರೆಲ್ಲ ಹೋ ಎಂದು ನಕ್ಕರು. ಒಂದು ಬುಟ್ಟಿ ಮಣ್ಣು ಹೊರದ ಕೈ ಬ್ಯಾಟರಿ ಹಿಡಿಯಲು ಮುಂದಾಗಿತ್ತು. ಮುಟ್ಟಬೇಡಿ ಎಂದದ್ದನ್ನೇ ಬೆಳಕು ಬಿಟ್ಟು ತೋರಿಸಿತ್ತು.

"ಬೀಜ ಎಲ್ಲೈತ್ರಿ?" ಎಂದೆ.

"ಯಾವ ಬೀಜ?"

"ಅದು ಬೀಜಕ್ಕ ಬಿಟ್ಟಿದ್ದ ಕಾಯಿರಿ. ಚಿಂದಿ ಕಟ್ಟಿದ್ದೆ. ನಮ್ಮವ್ವನ ಬೀಜ, ಬ್ಯಾರೆ ಇಲ್ರಿ."

ಅವರ ಮುಖದ ನಗು ಹೋಯಿತು. "ಚಿಂದಿ ಕಟ್ಟಿತ್ತಾ? ಚಿಂದಿ ಕಟ್ಟಿದ್ದನ್ನ ಬೂರೆಲೂ ಯಾರೂ ಮುಟ್ತ್ವಿಲ್ಲೆ" ಎಂದವರು ತಡೆದು, ಕೊಟ್ಟಿಗೆಯ ಕಡೆ ನೋಡಿದರು. "ತಿರುಳೆಲ್ಲ ದನದ ಕಲಗಚ್ಚಿಗೆ ಹಾಕ್ಬುಟ್ಟೆ."

ಅರ್ಧ ಊಟದಲ್ಲಿ ಎಲೆ ಬಿಟ್ಟು ಏಳಬಾರದು, ಹಬ್ಬದ ದಿನವಂತೂ ಏಳಲೇಬಾರದು. ಎದ್ದೆ. ಎಂಜಲು ಕೈಯಲ್ಲೇ ಕೊಟ್ಟಿಗೆಗೆ ಓಡಿದೆ. ಗೋಪೂಜೆ ಮಾಡಿಸಿಕೊಂಡು ಕೊರಳಿಗೆ ಚೆಂಡುಹೂವಿನ ಹಾರ, ಹಣೆಗೆ ಕುಂಕುಮ ಹಾಕಿಕೊಂಡ ಹಸು ಕಲಗಚ್ಚಿನ ಬಕೆಟ್ಟಿಗೆ ಮೂತಿ ಇಟ್ಟು ಜುರ್ ಎಂದು ಕುಡಿಯುತ್ತಿತ್ತು. ಅವತ್ತು ಪೂಜೆಗೊಂಡ ಹಸುವನ್ನು ಮೂತಿ ಹಿಡಿದು ನೂಕಿದವಳು ಆ ಊರಿನಲ್ಲಿ ನಾನೊಬ್ಬಳೇ ಇರಬೇಕು. ಅಕ್ಕಿ ತೊಳೆದ ನೀರು, ಬಾಳೆಸಿಪ್ಪೆ, ಮುಸುರೆಯೊಳಗೆ ಮೊಣಕೈವರೆಗೆ ಕೈ ಹಾಕಿ ತಡಕಿದೆ. ಹೊಸ ಸೀರೆ ತೊಯ್ದು ಹೋಯಿತು. ತಳದಲ್ಲಿ ತಿರುಳಿನ ಜೊತೆ ಒಂದು ಹಿಡಿ ಬೀಜ ಸಿಕ್ಕಿತು. ಉಳಿದದ್ದು ಹಸುವಿನ ಹೊಟ್ಟೆಗೆ ಹೋಗಿತ್ತು. ಅದರ ಮೇಲೆ ನನಗೆ ಸಿಟ್ಟಿಲ್ಲ. ಅದಕ್ಕೆ ಯಾರೂ ಚಿಂದಿಯ ಅರ್ಥ ಹೇಳಿರಲಿಲ್ಲ.

ಮುಷ್ಟಿ ಬಿಗಿಹಿಡಿದು ಜಗುಲಿಯ ಮುಂದೆಯೇ ನಡೆದು ಬಂದೆ. ಬಾವಿಕಟ್ಟೆಯಲ್ಲಿ ಬೀಜ ತೊಳೆದು, ಒಲೆಯ ಬೂದಿ ತಂದು ಹೊರಳಿಸಿದೆ. ಕೊಟ್ಟಿಗೆಯಿಂದಲೇ ಸಗಣಿ ಬಾಚಿ ತಂದೆ. ನಮ್ಮ ಅಡುಗೆಮನೆಯ ಗೋಡೆ ಖಾಲಿಯಿತ್ತು, ಅಲ್ಲಿಗೆ ಹೋಗಬಹುದಿತ್ತು. ಹೋಗಲಿಲ್ಲ. ಹಬ್ಬಕ್ಕೆಂದು ಯಜಮಾನರು ಹೊಸದಾಗಿ ತಿಳಿಹಳದಿ ಬಣ್ಣ ಹೊಡೆಸಿದ್ದ ಮುಂಗೋಡೆಗೆ, ಎಲ್ಲರ ಕಣ್ಣೆದುರು, ಬಾಗಿಲ ಪಕ್ಕದಲ್ಲೇ ಮೊದಲ ಬಿಲ್ಲೆಯನ್ನು ಫಟ್ಟನೆ ತಟ್ಟಿದೆ.

"ಏ, ಎಂತ ಮಾಡ್ತಿದ್ದೆ! ಬಣ್ಣ, ಬಣ್ಣ!" ಎಂದು ಯಜಮಾನರು ಎದ್ದು ನಿಂತರು. ನನ್ನವರು ಅಂಗಳಕ್ಕೆ ಇಳಿದು ಓಡಿ ಬಂದರು. "ತಲೆ ಸರಿ ಇದೆಯಾ? ಅವ್ರ ಗೋಡೆ ಅದು!"

"ಬೂರೆ ಅನ್ರಿ" ಎಂದೆ. "ಹಬ್ಬದ ದಿನ ಸಿಟ್ಟು ಮಾಡಬಾರದಂತಲ್ಲ." ಇನ್ನೊಂದು ತಟ್ಟಿದೆ.

ಯಾರೂ ನಗಲಿಲ್ಲ. ಮನೆಯೊಡತಿ ಮಾತ್ರ ಒಳಬಾಗಿಲಲ್ಲಿ ನಿಂತು ಗಂಡನಿಗೆ, "ಇರ್ಲಿ ಬಿಡಿ, ಒಣಗ್ಲಿ" ಎಂದರು. ಬಿಲ್ಲೆಗಳು ಅಲ್ಲೇ ಒಣಗಿದವು. ಮುಂದಿನ ಮಳೆಗಾಲಕ್ಕೆ ಏರಿಯನ್ನು ಮತ್ತೆ ಎತ್ತಿ ಅದೇ ಬೀಜ ಹಾಕಿದೆ, ಹುಟ್ಟಿತು. ಯಲ್ಲಾಪುರಕ್ಕೆ ವರ್ಗವಾದಾಗ ಹೊಸ ಬಿಲ್ಲೆಗಳನ್ನು ಕೆತ್ತಿ ಜೊತೆಗೆ ಒಯ್ದೆ. ಆ ಗೋಡೆಯಲ್ಲಿ ಹಸಿರುಗಪ್ಪು ಕಲೆ ಉಳಿಯಿತು, ಉಳಿಯಲಿ.

ಯಲ್ಲಾಪುರದಲ್ಲೂ ಏರಿ ಮಾಡಿದೆ, ಈಗಲೂ ಮಾಡುತ್ತೇನೆ. ನನ್ನವರು ಮನೆಗೆ ಬಂದ ನೆಂಟರಿಗೆ ಈ ಬೂರೆಯ ಕತೆಯನ್ನು ರಸವತ್ತಾಗಿ, ತಾವು ಬ್ಯಾಟರಿ ಹಿಡಿದದ್ದನ್ನು ಬೆಳಕು ಎತ್ತ ಬಿತ್ತು ಎಂಬಲ್ಲಿಯವರೆಗೆ ಅಭಿನಯಿಸಿ ಹೇಳುತ್ತಾರೆ. ನೆಂಟರು ಹೊಟ್ಟೆ ಹಿಡಿದು ನಗುತ್ತಾರೆ. ಅಂಥ ದಿನ ನಾನು ಬೇಕೆಂದೇ ಮೊಗೆಕಾಯಿ ಹುಳಿ ಮಾಡುತ್ತೇನೆ. ಎಲ್ಲರ ಎಲೆಗೂ ಕೇಳಿ ಕೇಳಿ ಬಡಿಸುತ್ತೇನೆ. ನನ್ನವರ ಎಲೆ ಬಂದಾಗ ಮಾತ್ರ ನನ್ನ ಸೌಟು ನಿಲ್ಲದೆ ಮುಂದಿನ ಎಲೆಗೆ ದಾಟುತ್ತದೆ.