ಬೆಸುಗೆಯಿಲ್ಲದ ಬಳೆ

ನಮ್ಮಪ್ಪನಿಗೆ ಹುಬ್ಬಿರಲಿಲ್ಲ. ಎಂಟನೇ ವಯಸ್ಸಿಗೆ ತಾತನ ಪಕ್ಕ ಬಳೆ ಒಲೆಯ ಮುಂದೆ ಕೂತವನು. ಸುಟ್ಟುಹೋದ ಹುಬ್ಬು ಮತ್ತೆ ಬೆಳೆಯಲು ಒಲೆ ಬಿಡಲೇ ಇಲ್ಲ. ಹೊಸಬರಿಗೆ ಆ ಮುಖ ಸದಾ ಏನನ್ನೋ ಕಂಡು ಬೆರಗಾದಂತೆ ಕಾಣುತ್ತಿತ್ತು.

ಕುದೇರಿನ ಆಚೆ, ನಮ್ಮೂರಿನ ಕೊನೆಯಲ್ಲಿ ಆ ಒಲೆಯಿತ್ತು. ಮೂರು ತಲೆಮಾರಿನಿಂದ ಅಲ್ಲಿ ಗಾಜು ಕರಗುತ್ತಿತ್ತು. ಒಳಗೆ ಸಾಲಾಗಿ ಮಣ್ಣಿನ ಮಡಕೆಗಳು, ಒಂದೊಂದರಲ್ಲಿ ಒಂದೊಂದು ಬಣ್ಣ. ಅಪ್ಪ ಸಲಾಕೆಯ ತುದಿಯಲ್ಲಿ ಜೇನಿನಂಥ ಒಂದು ತೊಟ್ಟು ಎತ್ತಿ, ನಡುವೆ ತೂತು ಮಾಡಿ, ಮೊನಚಾದ ಮಣ್ಣಿನ ಅಚ್ಚಿನ ಮೇಲೆ ಗರಗರ ತಿರುಗಿಸಿದರೆ ಅದು ಅಗಲವಾಗುತ್ತ ಬಳೆಯಾಗುತ್ತಿತ್ತು. ಎಲ್ಲೂ ಬೆಸುಗೆಯಿಲ್ಲ. ಬಿಸಿಯಿದ್ದಾಗ ಎಲ್ಲ ಬಳೆಗಳೂ ಕೆಂಪೇ. ಆರಿದ ಮೇಲೆ ನಿಜವಾದ ಬಣ್ಣ.

ಆಗ ಚಾಮರಾಜನಗರಕ್ಕೆ ರೈಲಿನಲ್ಲಿ ಉತ್ತರದ ಬಳೆಗಳು ಬರತೊಡಗಿದ್ದವು. ತೆಳು, ಹೊಳಪು, ಅಗ್ಗ. ಗಾಜಿನ ಎಳೆ ಸುತ್ತಿ ತುದಿಗಳನ್ನು ಅಂಟಿಸಿದವು. ಸಂತೆಮರಹಳ್ಳಿ ಸಂತೆಯಲ್ಲಿ ಯಾರಾದರೂ ಅವನ್ನು ತೊಟ್ಟು ಬಂದರೆ ಅಪ್ಪ ಅಂಟಿಸಿದ ಜಾಗವನ್ನು ಉಗುರಿನಿಂದ ತೋರಿಸುತ್ತಿದ್ದ.

“ಇಲ್ನೋಡವ್ವ, ಗಂಟು. ಅಂಟ್ಸಿದ್ದು ಯಾವತ್ತಿದ್ರೂ ಬುಟ್ಕೋತದೆ. ನನ್ ಬಳೆ ಒಡುದ್ರೆ ಒಡೀಬೌದು, ಬುಟ್ಕೊಳಾಕಿಲ್ಲ.”

ಒಮ್ಮೆ ಒಬ್ಬ ಮುದುಕಿ, “ಒಡುದ್ರೂ ಬುಟ್ಕೊಂಡ್ರೂ ಬರಿಗೈಯೇ ಅಲ್ವೇನಪ್ಪ?” ಅಂದಳು. ಅಪ್ಪ ಬಿದ್ದೂ ಬಿದ್ದೂ ನಕ್ಕು ಅವಳಿಗೆ ಎರಡು ಬಳೆ ಸುಮ್ಮನೆ ತೊಡಿಸಿ ಕಳಿಸಿದ.

ನಲವತ್ತು ದಾಟಿದ ಮೇಲೆ ಅವನ ಕಣ್ಣು ಮಂಜಾಯಿತು. ಬೆಂಕಿ ನೋಡುವುದನ್ನು ಬಿಡಬೇಕೆಂದು ಮೈಸೂರಿನ ಡಾಕ್ಟರು ಹೇಳಿದರು. “ನನ್ ಕೈಗೇ ಕಣ್ಣದೆ, ಬುಡು” ಎಂದ ಅಪ್ಪ. ಎಷ್ಟು ಕಾಣುತ್ತದೆ, ಎಷ್ಟು ಕಾಣುವುದಿಲ್ಲ ಎಂದು ಯಾರಿಗೂ ಹೇಳಲಿಲ್ಲ. ಅವನ ತಮ್ಮ, ನಮ್ಮ ಚಿಕ್ಕಪ್ಪ, ಸೌದೆ ಮತ್ತು ಮಡಕೆ ನೋಡಿಕೊಳ್ಳುತ್ತಿದ್ದ. ಹೇಗೋ ಕೆಲಸ ನಡೆಯುತ್ತಿತ್ತು.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿದ್ದಾಗ ಗುಂಡ್ಲುಪೇಟೆಯ ಗಂಡಿನೊಂದಿಗೆ ನನ್ನ ಮದುವೆ ನಿಶ್ಚಯವಾಯಿತು. ಧಾರೆಯ ಹಸಿರು ಬಳೆ ತಾನೇ ಮಾಡುತ್ತೇನೆಂದು ಅಪ್ಪ ಹಟ ಹಿಡಿದ. ಚಿಕ್ಕಪ್ಪ ಸೌದೆಗೆಂದು ಗೋಪಾಲಸ್ವಾಮಿ ಬೆಟ್ಟದ ಕಡೆ ಗಾಡಿ ಕಟ್ಟಿಕೊಂಡು ಹೋಗಿದ್ದ. ಅಪ್ಪ ಒಬ್ಬನೇ ಬೆಳಗಿನಿಂದ ಕೂತು ಎರಡು ಡಜನ್ ಮಾಡಿದ. ಆರಿದ ಮೇಲೆ ಮೊರದಲ್ಲಿ ಜೋಡಿಸಿ ನನ್ನನ್ನು ಕರೆದ.

ಮೊರದ ತುಂಬ ಕಪ್ಪು ಬಳೆಗಳು. ಪಕ್ಕದ ಮಡಕೆಗೆ ಸಲಾಕೆ ಅದ್ದಿಬಿಟ್ಟಿದ್ದ.

“ಬಣ್ಣ ಎಂಗದಮ್ಮಿ?”

ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. “ಬಾಳೆ ಸುಳಿ ಇದ್ದಂಗದೆ ಕಣಪ್ಪ” ಎಂದೆ ನಾನು.

“ಅಂಗೇ ಬರ್ಲಿ ಅಂತ್ಲೇ ಮಾಡಿದ್ದು” ಎಂದು ಅಪ್ಪ ಹಿಗ್ಗಿದ.

ಚಿಕ್ಕಪ್ಪ ಬಂದದ್ದು ಮದುವೆಯ ಹಿಂದಿನ ದಿನ. ಮತ್ತೆ ಬಳೆ ಮಾಡಲು ಕೂತರೆ ಅಣ್ಣನಿಗೆ ತಿಳಿಯುತ್ತದೆಂದು ಚಾಮರಾಜನಗರಕ್ಕೆ ಹೋಗಿ ರೈಲಿನಲ್ಲಿ ಬಂದ ಹಸಿರು ಬಳೆಗಳನ್ನೇ ತಂದ. ಅವನ್ನೇ ತೊಟ್ಟು ಹಸೆಗೆ ಕೂತೆ.

ಧಾರೆಯಾದ ಮೇಲೆ ಅಪ್ಪನ ಕಾಲಿಗೆ ಬಿದ್ದೆ. ಎತ್ತಲೆಂದು ನನ್ನ ಎರಡೂ ಕೈ ಹಿಡಿದ. ಹೆಬ್ಬೆರಳು ಒಂದು ಬಳೆಯ ಮೇಲೆ ಸರಿಯುತ್ತ ಹೋಗಿ ಗಂಟಿನ ಮೇಲೆ ನಿಂತಿತು. ಇನ್ನೊಂದರ ಮೇಲೂ ನಿಂತಿತು.

“ನಾ ಮಾಡಿದ್ದು ಯಾವ್ ಬಣ್ಣ ಬಂದಿತ್ತಮ್ಮಿ?” ಎಂದು ನನಗಷ್ಟೇ ಕೇಳುವಂತೆ ಕೇಳಿದ.

ಸುಳ್ಳು ಬಾಯಿಗೆ ಬರಲಿಲ್ಲ. “ಕಪ್ಪು ಕಣಪ್ಪ.”

ಬಳೆಗಳನ್ನು ಒಂದೊಂದಾಗಿ ನನ್ನ ಮಣಿಕಟ್ಟಿಗೆ ಸರಿಸಿದ. ಆಮೇಲೆ, “ಸರಿ ಬುಡು. ನೀ ಚೆಂದಾಗಿರು” ಎಂದು ತಲೆಯ ಮೇಲೆ ಕೈಯಿಟ್ಟ.

ನಾನು ಗಂಡನ ಮನೆಗೆ ಹೊರಡುವ ದಿನ ಬೆಳಗ್ಗೆ ಅಪ್ಪ ಚಿಕ್ಕಪ್ಪನಿಗೆ, “ಇನ್ ಸೌದೆ ಆಕ್ಬ್ಯಾಡ ಕಣ್ಲಾ” ಎಂದ.

“ಬಣ್ಣ ನಾ ನೋಡ್ಕತೀನಿ. ನೀ ಮಾಡ್ತಾ ಇರಣ್ಣ.”

“ಬ್ಯಾಡ. ಕಂಡೋರ ಮನೆ ಮದ್ವೆ ಎಣ್ಣಿಗೂ ಇಂಗೇ ಕಪ್ಪು ಕೊಟ್ಟಿದ್ರೆ?”

ಒಲೆ ಪೂರ್ತಿ ಆರಲು ನಾಲ್ಕು ದಿನ ಬೇಕಾಯಿತಂತೆ. ಬಿಸಿ ಹೋಗುವತನಕ ಅಪ್ಪ ಅದರ ಗೋಡೆಗೆ ಅಂಗೈ ಇಟ್ಟುಕೊಂಡು ಕೂತಿದ್ದನೆಂದು ಅವ್ವ ಹೇಳಿದಳು.

ದೀಪಾವಳಿಗೆ ತವರಿಗೆ ಹೋದಾಗ ಅವನಿಗೆ ಏನೂ ಕಾಣುತ್ತಿರಲಿಲ್ಲ. ಹಗಲೆಲ್ಲ ಜಗಲಿಯಲ್ಲಿ ಕೂತಿರುತ್ತಿದ್ದ. ನಾನು ಹೊರಟ ದಿನ ಬೇಡವೆಂದರೂ ಕೇಳದೆ, ಚಿಕ್ಕಪ್ಪನ ಹೆಗಲು ಹಿಡಿದು ಸಂತೆಮರಹಳ್ಳಿಯವರೆಗೆ ಬಂದ. ಚಿಕ್ಕಪ್ಪ ಅವನನ್ನು ಮರದ ಕೆಳಗೆ ನಿಲ್ಲಿಸಿ ನನ್ನನ್ನು ಬಸ್ಸು ಹತ್ತಿಸಿದ. ಅವನು ಅಪ್ಪನ ಬಳಿ ಹೋಗುವ ಮೊದಲೇ ಬಸ್ಸು ಹೊರಟಿತು.

ಮರದ ಆಚೆ ಬದಿಯಲ್ಲಿ ಕೊಳ್ಳೇಗಾಲದ ಬಸ್ಸು ನಿಂತಿತ್ತು. ಅಪ್ಪ ಅದರ ಕಡೆ ಮುಖಮಾಡಿ ಕೈ ಎತ್ತಿ ಏನೋ ಹೇಳುತ್ತಿದ್ದ. ನಾನು ಕಿಟಕಿಯಿಂದ ಕೂಗಿದೆ. ಇಂಜಿನ್ ಸದ್ದಿಗೆ ಅವನಿಗೆ ಕೇಳಿಸಲಿಲ್ಲ.

ಸಂಕ್ರಾಂತಿ ಕಳೆದು ವಾರಕ್ಕೆ ಅಪ್ಪ ತೀರಿಕೊಂಡ. ನಾನು ತಲುಪುವಷ್ಟರಲ್ಲಿ ಮಣ್ಣು ಮಾಡಿದ್ದರು. ಅವತ್ತು ಚಿಕ್ಕಪ್ಪ ಆ ಬಸ್ಸಿನ ಮಾತು ತೆಗೆದ. ಅಪ್ಪ, “ಉಸಾರಾಗಿ ಓಗು ಕಣಮ್ಮಿ, ಯುಗಾದಿಗೆ ಬಾ” ಎಂದನಂತೆ. ಕೊಳ್ಳೇಗಾಲದ ಬಸ್ಸಿನ ಕಿಟಕಿಯಲ್ಲಿದ್ದ ಯಾರೋ ಹೆಂಗಸು ಅವನ ಕಣ್ಣು ನೋಡಿ, “ಬತ್ತೀನಿ ಕಣಪ್ಪ” ಎಂದಳಂತೆ. ಅಪ್ಪ ಸಮಾಧಾನದಿಂದ ಮನೆಗೆ ನಡೆದನಂತೆ.