ಹೊಳೆಯಲ್ಲಿ ನೆನೆದ ತುಂಡು

ನಮ್ಮ ಮನೆಯಲ್ಲಿ ತುಂಡು ಎಂದರೆ ಚೂರಲ್ಲ. ಮೈ ಒರೆಸಿಕೊಳ್ಳುವ ಇಡೀ ವಸ್ತ್ರ. ಮೈಸೂರಿನ ಕಡೆಯವರು ಟವೆಲು ಎನ್ನುವುದನ್ನು, ತಲೆಮಾರುಗಳಿಂದ ತಮಿಳು ನೆಲದಲ್ಲಿ ಬೇರೂರಿದ ನಮ್ಮ ಕನ್ನಡದ ಒಕ್ಕಲು ಮನೆಗಳಲ್ಲಿ ತುಂಡು ಎಂದೇ ಕರೆಯುತ್ತೇವೆ. ನಾನು ಕನ್ನಡದ ಅಕ್ಷರ ಕಲಿತದ್ದು ಬೋಡಿನಾಯಕನೂರಿನ ಅಂಚೆ ಕಚೇರಿಯಿಂದ ನಿವೃತ್ತಳಾದ ಮೇಲೆ, ಮಕ್ಕಳ ಪುಸ್ತಕ ತರಿಸಿಕೊಂಡು. ಅದರಲ್ಲಿ ತುಂಡು ಎಂಬ ಮಾತಿನ ಪಕ್ಕ ಮುರಿದ ಸೀಮೆಸುಣ್ಣದ ಚಿತ್ರ ಕಂಡು, ಇಷ್ಟು ವರ್ಷ ಚೂರಿನಿಂದಲೇ ಮೈ ಒರೆಸಿಕೊಂಡೆವಲ್ಲ ಎಂದು ಒಬ್ಬಳೇ ನಕ್ಕಿದ್ದೆ. ಈಗ ಹಿತ್ತಲಿನ ಹಗ್ಗದ ಮೇಲೆ ಒಣಗುತ್ತಿರುವ, ನೀಲಿ ಅಂಚಿನ, ನಡುವೆ ಸವೆದು ಬೆಳಕು ಸೋರುವ ತುಂಡು ನನ್ನಕ್ಕನದು. ಅದು ಡ್ಯಾನ್ಯೂಬ್ ನದಿಯಲ್ಲಿ ಮಿಂದು ಬಂದಿದೆ. ಜೊತೆಗೆ ಹೋದ ನಾನು ಮಿಂದಿಲ್ಲ.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ವರ್ಷಾನುಗಟ್ಟಲೆ ಏಲಕ್ಕಿ ಮಂಡಿಯಲ್ಲಿ ಕೂತು ಹಸಿರು ಕಾಯಿ ಬೇರೆ, ಬಿರಿದ ಕಾಯಿ ಬೇರೆ ಮಾಡಿದವಳು. ಅವಳು ಕೂರುವ ಜಾಗದ ಎದುರಿನ ಗೋಡೆಗೆ ಯಾವ ಕಾಲದ್ದೋ ಕ್ಯಾಲೆಂಡರಿನ ಒಂದು ಹಾಳೆ ಅಂಟಿಸಿತ್ತು: ದೊಡ್ಡ ನದಿ, ಸಾಲು ದೀಪದ ಸೇತುವೆ, ಆಚೆ ದಡದ ಗುಡ್ಡದ ಮೇಲೊಂದು ಅರಮನೆ. ಕೆಳಗೆ ಬುಡಾಪೆಸ್ಟ್ ಎಂದು ಅಚ್ಚಾಗಿರುವುದನ್ನು ಓದಿ ಹೇಳಿದವಳು ನಾನೇ. ಅಂದಿನಿಂದ ಅದು ಅಕ್ಕನ ಊರಾಯಿತು. ಕೊನೆಗೊಂದು ದಿನ ಇಬ್ಬರೂ ಪಾಸ್‌ಪೋರ್ಟ್ ಮಾಡಿಸಿದೆವು. ಅಷ್ಟರಲ್ಲಿ ಅವಳ ಮೊಣಕಾಲು ಕೈಕೊಟ್ಟಿತು. ನಾನೂ ಹೋಗುವುದಿಲ್ಲ ಎಂದೆ. ಅವಳು ಒಪ್ಪಲಿಲ್ಲ, ತನ್ನ ತುಂಡನ್ನು ಮಡಿಸಿ ನನ್ನ ಕೈಗಿಟ್ಟಳು.

"ಏ ತಂಗಿ, ಇದ ಒಳೇಲಿ ಮುಳುಗ್ಸು. ನನ್ ಎಸ್ರು ಏಳಿ ಮುಳುಗ್ಸು. ಪೈಪು ನೀರಲ್ಲಿ ನೆನ್ಸಿ ಏಮಾತ್ಬ್ಯಾಡ, ಆಮಾ."

ಹೊಳೆಯ ಬದಲು ನಲ್ಲಿ ನೀರಲ್ಲಿ ನೆನೆಸಿ ಮೋಸ ಮಾಡಬಾರದು ಎಂದು ಅವಳ ಕಟ್ಟಪ್ಪಣೆ. ಇದು ನಮ್ಮ ಮನೆಯ ರೂಢಿ. ಸುರುಳಿಯ ಅರುವಿಗೆ, ಅಂದರೆ ಜಲಪಾತಕ್ಕೆ, ಮೀಯಲು ಹೋಗಲಾರದವರ ತುಂಡನ್ನು ಹೋಗುವವರು ಒಯ್ದು, ಅವರ ಹೆಸರು ಹೇಳಿ ನೀರಲ್ಲಿ ಮುಳುಗಿಸಿ ತಂದುಕೊಟ್ಟರೆ, ಮನೆಯಲ್ಲಿ ಕೂತವರೂ ಮಿಂದ ಹಾಗೆ. ನಾನು ಆಗಲಿ ಎಂದುಬಿಟ್ಟೆ. ವಿಮಾನ ಮೋಡದ ಮೇಲೆ ಹತ್ತಿದ ಮೇಲಷ್ಟೇ ತಪ್ಪು ಗೊತ್ತಾಯಿತು. ಅಕ್ಕನ ಹೆಸರನ್ನು ನಾನು ಜನ್ಮದಲ್ಲಿ ಬಾಯಿ ಬಿಟ್ಟು ಹೇಳಿದವಳಲ್ಲ. ಅರ್ಜಿಗಳಲ್ಲಿ ಬರೆದಿದ್ದೇನೆ, ಯಾರಾದರೂ ಕೇಳಿದರೆ ಬರೆದು ತೋರಿಸಿದ್ದೇನೆ. ಹಿರಿಯಳ ಹೆಸರು ಹಿಡಿದು ಕೂಗುವ ಸೊಕ್ಕು ನಮ್ಮಲ್ಲಿ ಯಾವ ತಂಗಿಗೂ ಇರಲಿಲ್ಲ.

ಆ ಊರಿನ ದಿನಗಳನ್ನು ಹೇಗೆ ಹೇಳಲಿ ನಿಮಗೆ? ಅರವತ್ತೆಂಟು ವರ್ಷಗಳಲ್ಲಿ ಗಡಿಯಾರ ನೋಡದೆ ನಾನು ಬದುಕಿದ ದಿನಗಳು ಅವಷ್ಟೇ. ಮುಂಜಾನೆಯ ಮಂಜಿನಲ್ಲಿ ಅರ್ಧ ಕರಗಿದ ಸೇತುವೆಗಳನ್ನು ನೋಡುತ್ತ, ನದಿಯ ಪಕ್ಕದಲ್ಲೇ ಸಾಗುವ ಹಳದಿ ಟ್ರಾಮಿನಲ್ಲಿ ಈ ಕೊನೆಯಿಂದ ಆ ಕೊನೆಗೆ, ಆ ಕೊನೆಯಿಂದ ಈ ಕೊನೆಗೆ ಕೂತು ಹೋಗುತ್ತಿದ್ದೆ. ಎಲ್ಲಿಗೆ ಎಂದು ಕೇಳುವವರಿಲ್ಲ, ಊಟ ಆಯಿತೇ ಎನ್ನುವವರಿಲ್ಲ; ಯಾರಿಗೂ ಯಾರೂ ಆಗಿರದ ಆ ಹಗುರದಲ್ಲಿ ನನ್ನ ಹೆಸರೇ ನನಗೆ ಸಡಿಲವಾದಂತಿತ್ತು. ಬಿಸಿನೀರಿನ ಬುಗ್ಗೆಗಳ ಊರದು. ಮುದುಕ ಮುದುಕಿಯರು ಹಬೆಯಾಡುವ ಕೊಳಗಳಲ್ಲಿ ಕತ್ತಿನವರೆಗೆ ಮುಳುಗಿ ಚದುರಂಗ ಆಡುವುದನ್ನು ಕಂಡು, ಅಕ್ಕ ಇದ್ದಿದ್ದರೆ ಇವರಿಗೆಲ್ಲ ಸೀಗೆಪುಡಿ ಹಂಚುತ್ತಿದ್ದಳು ಎಂದುಕೊಂಡೆ.

ದಿನಗಳು ಕಳೆದವು, ತುಂಡು ಮಾತ್ರ ಚೀಲದಲ್ಲಿ ಒಣಗಿಯೇ ಉಳಿಯಿತು. ಒಂದು ದಿನ ದಡ ತೀರಾ ಎತ್ತರ ಎಂದುಕೊಂಡೆ. ಇನ್ನೊಂದು ದಿನ ದೋಣಿಯಲ್ಲಿ ಕಂಬಿ ಅಡ್ಡ ಬಂತು. ಮತ್ತೊಂದು ದಿನ ಚಳಿ. ಎಲ್ಲ ನೆಪ. ಸಿಗದಿದ್ದುದು ಮೆಟ್ಟಿಲಲ್ಲ, ಬಾಯಿ. ಹೆಸರಿಲ್ಲದೆ ಮುಳುಗಿಸಿ ತಂದರೆ ಅಕ್ಕನಿಗೆ ತಿಳಿಯುವುದಿಲ್ಲ, ನಿಜ. ಆದರೆ ನಾನು ಬಂದದ್ದು ಅವಳ ಊರಿಗೆ, ನೋಡುತ್ತಿರುವುದು ಅವಳ ನದಿಯನ್ನು. ಅವಳನ್ನೇ ಹೊರಗಿಟ್ಟು ಹಿಂದಿರುಗಿದರೆ ಅದು ಕಳ್ಳತನ ಎನಿಸುತ್ತಿತ್ತು.

ಕೊನೆಯ ದಿನದ ಮಧ್ಯಾಹ್ನ, ಹಸಿರು ಸೇತುವೆಯ ಬಳಿ ನೀರಿಗಿಳಿಯುವ ಕಲ್ಲಿನ ಮೆಟ್ಟಿಲುಗಳ ಮೇಲೆ ನಿಂತೆ. ಕೆಳಗಿನದು ಪಾಚಿಗಟ್ಟಿತ್ತು. ಅಲ್ಲೇ ಕೂತು ಬ್ರೆಡ್ಡು ತಿನ್ನುತ್ತಿದ್ದ ನನ್ನ ವಯಸ್ಸಿನ ಹೆಂಗಸೊಬ್ಬಳು ನನ್ನ ಸೀರೆಯನ್ನೂ ಕಾಲನ್ನೂ ನೋಡಿ, ಏನೋ ಗೊಣಗುತ್ತ ಎದ್ದು ಬಂದು ಮೊಣಕೈ ಹಿಡಿದುಕೊಂಡಳು. ನಾನು ಬಗ್ಗಿ ತುಂಡನ್ನು ನೀರಿಗೆ ಬಿಟ್ಟೆ. ನೀರು ಅದನ್ನು ಸೆಳೆಯಿತು, ಬಿಗಿಯಾಗಿ ಹಿಡಿದೆ. "ರಂಗಮ್ಮಾಳ್" ಎಂದೆ. ಪಾಸ್‌ಪೋರ್ಟಿನ ಹೆಸರು. ಸರತಿಯಲ್ಲಿ ನಿಂತ ಯಾರನ್ನೋ ಕೌಂಟರಿನಿಂದ ಕರೆದಂತಾಯಿತು.

ಹೊಳೆ ಎಂಬ ನಮ್ಮ ಮಾತು ಎಷ್ಟು ಸೊಗಸು, ನೋಡಿ. ಹರಿಯುವುದೂ ಹೊಳೆ, ಬೆಳಗುವುದೂ ಹೊಳೆಯುವುದೇ, ಮರೆತದ್ದು ತಟ್ಟನೆ ಮನಸ್ಸಿಗೆ ಬಂದರೆ ಅದೂ ಹೊಳೆದದ್ದೇ. ಮೋಡ ಸರಿದು ಬಿಸಿಲು ಬಿದ್ದ ಆ ನೀರನ್ನು ನೋಡುತ್ತಿದ್ದಾಗ, ಕೊಟ್ಟಕುಡಿ ಹೊಳೆಯ ದಡದ ಕಡಲೆಕಾಯಿ ಹೊಲದಲ್ಲಿ ನಿಂತು ನಮ್ಮವ್ವ ಅಕ್ಕನನ್ನು ಕೂಗುತ್ತಿದ್ದ ದನಿ ಹೊಳೆಯಿತು. ಅವ್ವ ಹೋಗಿ ಎಷ್ಟೋ ಕಾಲವಾಯಿತು. ಆಮೇಲೆ ಅಕ್ಕನನ್ನು ಹಾಗೆ ಕರೆದವರೇ ಇಲ್ಲ. ಭಾವ ಇರುವಷ್ಟು ದಿನ 'ಇಂದಾ', ಇಗೋ, ಎಂದಷ್ಟೇ ಕೂಗಿದರು. ಮಕ್ಕಳು ಅಮ್ಮಾ ಎನ್ನುತ್ತಾರೆ, ಮೊಮ್ಮಕ್ಕಳು ಪಾಟಿ ಎನ್ನುತ್ತಾರೆ, ನಾನು ಅಕ್ಕಾ ಎನ್ನುತ್ತೇನೆ. ಎಲ್ಲರೂ ಅವಳನ್ನು ಕರೆಯುತ್ತೇವೆ, ಅವಳನ್ನಷ್ಟೇ ಯಾರೂ ಕರೆಯುವುದಿಲ್ಲ. ನನಗೆ ಅಳು ಬಂತು.

"ರಂಗೀ..." ಎಂದು ಕೂಗಿದೆ. ಅವ್ವನ ಹಾಗೇ ಎಳೆದು, ಮೂರು ಸಲ.

ಹಿಂಡಿದ ತುಂಡನ್ನು ಎದೆಗೊತ್ತಿಕೊಂಡು ಮೇಲೆ ಬಂದಾಗ ಆ ಹೆಂಗಸು ತನ್ನ ಎದೆ ಮುಟ್ಟಿಕೊಂಡು "ಇಲೋನಾ" ಎಂದಳು, ಆಮೇಲೆ ನನ್ನತ್ತ ಬೆರಳು ಮಾಡಿ, "ರಂಗೀ?" ಎಂದು ಕೇಳಿದಳು. ಅಲ್ಲ ಎನ್ನಲು ನನ್ನ ಬಳಿ ಭಾಷೆ ಇರಲಿಲ್ಲ, ಇದ್ದಿದ್ದರೂ ಹೇಳುತ್ತಿರಲಿಲ್ಲ. ಹೌದು ಎಂದು ತಲೆಯಾಡಿಸಿದೆ. ಅವಳು ತನ್ನ ಬ್ರೆಡ್ಡಿನಲ್ಲಿ ಅರ್ಧ ಮುರಿದುಕೊಟ್ಟಳು. ಸಂಜೆಯ ದೀಪಗಳು ಹತ್ತುವವರೆಗೆ ಇಲೋನಾ ತನ್ನ ಮಾತಿನಲ್ಲೂ ನಾನು ನಮ್ಮ ಮನೆಯ ಮಾತಿನಲ್ಲೂ ಹರಟಿದೆವು. ನಡುನಡುವೆ ಆಕೆ ರಂಗೀ ಎಂದಾಗಲೆಲ್ಲ ನಾನು ಓಗೊಟ್ಟೆ. ದೂರದಲ್ಲಿ ದೀಪ ಹತ್ತಿದ ಕ್ಯಾಲೆಂಡರಿನ ಸೇತುವೆಯನ್ನು ಆ ಹೊತ್ತು ಕೂತು ನೋಡಿದವಳು ಅಕ್ಕನೇ, ನಾನು ಅವಳ ಜೊತೆಗೆ ಬಂದವಳು.

ಊರಿಗೆ ಬಂದು ಇದನ್ನೆಲ್ಲ ಹೇಳಿದಾಗ ಅಕ್ಕ ತುಂಡನ್ನು ಮುಖಕ್ಕೊತ್ತಿ ವಾಸನೆ ನೋಡುತ್ತಿದ್ದಳು.

"ಆ ವೆಳ್ಳಕ್ಕಾರಿ, ಬೆಳ್ಳನ್ನ ಎಂಗ್ಸು, ರಂಗೀನ್ನೇ ಕರೆದ್ಲಾ?"

"ಆಮಾಕ್ಕ," ಎಂದು ತಲೆಯಾಡಿಸಿದೆ.

"ಅಂಗಾರೆ ನಾನೂ ಓಗ್ಬಂದೆ ಅನ್ನು." ತುಂಡನ್ನು ತೊಡೆಯ ಮೇಲೆ ಹರವಿಕೊಂಡು, "ಎಲ್ಲಿ, ನೀನೊಂದ್ಸಲಿ ಅನ್ನು ನೋಡಾನ" ಎಂದಳು.

ಎದುರಿಗೆ ಕೂತ ಅವಳ ಮುಖ ನೋಡಿದೆ. ಅಕ್ಕಾ ಎಂದಷ್ಟೇ ಬಂತು. ಅವಳು ನಕ್ಕು ಬೇರೆ ಮಾತು ತೆಗೆದಳು, ಆದರೆ ಮುಖ ಸಣ್ಣದಾದದ್ದನ್ನು ನಾನು ಕಂಡೆ.

ಇದೆಲ್ಲ ನಿನ್ನೆಯ ಮಾತು. ಇವತ್ತು ಬೆಳಿಗ್ಗೆ ಅವಳು ಸ್ನಾನ ಮಾಡಿ, ತುಂಡನ್ನು ನಮ್ಮಿಬ್ಬರ ಮನೆಗೂ ಒಂದೇ ಆದ ಈ ಹಿತ್ತಲಿನ ಹಗ್ಗಕ್ಕೆ ಹರವಿ ಒಳಗೆ ಹೋದಳು. ನಾನು ಅದರ ಹಿಂದೆ ಹೋಗಿ ನಿಂತೆ. ಮುಖದ ಮುಂದೆ ಒದ್ದೆ ಬಟ್ಟೆ, ಅದರ ಸವೆದ ನಡುವಿನಲ್ಲಿ ಬಿಸಿಲು. ಕಣ್ಣು ಮುಚ್ಚಿ "ರಂಗೀ..." ಎಂದು ಕೂಗಿದೆ.

ಪಾತ್ರೆಯ ಸದ್ದು ನಿಂತಿತು. ಆಮೇಲೆ, ಕಡಲೆಕಾಯಿ ಹೊಲದ ಆ ಕೊನೆಯಿಂದ ಅವ್ವನಿಗೆ ಓಗೊಡುತ್ತಿದ್ದ ಅದೇ ದನಿಯಲ್ಲಿ, ಅಡಿಗೆಮನೆಯ ಒಳಗಿನಿಂದ ಉತ್ತರ ಬಂತು: "ಓ..."