ಗೆಳತಿಯ ಫೋಲ್ಡರು

ಹಾನಗಲ್ಲಿನ ನಮ್ಮ ಕಾಲೇಜಿನಲ್ಲಿ ಎಲ್ಲರಿಗೂ ಸೇರಿ ಒಂದೇ ಸರ್ವರ್. ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರು. ಅದರಾಚೆ ನಾವು ಏನನ್ನೂ ಹಾಕುವಂತಿಲ್ಲ. ಭತ್ತದ ಎಲೆಯ ಫೋಟೊ ನೋಡಿ ರೋಗ ಹೇಳುವುದು ನನ್ನ ಪ್ರಾಜೆಕ್ಟು. ಅದಕ್ಕೆ ಬೇಕಾದ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಂಗಳ ಗಂಟು, ಸರ್ವರಿನಲ್ಲಿ ಇರಲಿಲ್ಲ. ಲ್ಯಾಬಿನವರನ್ನು ಕೇಳಿ ಕೇಳಿ ಸಾಕಾಯಿತು. 'ನೋಡೋಣ' ಎನ್ನುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ಸವಣೂರಿನಿಂದ ಬರುತ್ತಿದ್ದ ಸಹಪಾಠಿಯೊಬ್ಬಳು ಅದನ್ನು ತನ್ನ ಫೋಲ್ಡರಿನಲ್ಲೇ ಇನ್‌ಸ್ಟಾಲ್ ಮಾಡಿಕೊಂಡಳು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. "ನೀ ಯಾಕ ಒದ್ದಾಡ್ತಿ? ನನ್ನ ಫೋಲ್ಡರ್ ನಿನಗೂ ತಗದಿಟ್ಟೇನಿ, ಬಳಸು," ಎಂದಳು. ನನ್ನ ಪ್ರೋಗ್ರಾಂನ ಮೊದಲ ಸಾಲಿನಲ್ಲಿ ಅವಳ ಫೋಲ್ಡರಿನ ವಿಳಾಸ ಬರೆದೆ. ನೆರೆಮನೆಯ ಒರಳಿನಲ್ಲಿ ರುಬ್ಬಿಕೊಂಡ ಹಾಗೆ ತಿಂಗಳುಗಟ್ಟಲೆ ನಡೆಯಿತು.

ಪ್ರಾಜೆಕ್ಟು ಪರೀಕ್ಷೆಯ ದಿನ ಅವಳ ಸರದಿ ಬೆಳಿಗ್ಗೆ, ನನ್ನದು ಮಧ್ಯಾಹ್ನ. ಪರೀಕ್ಷಕರ ಎದುರು ನನ್ನ ಪ್ರೋಗ್ರಾಂ ಶುರು ಮಾಡಿದರೆ, ಲೈಬ್ರರಿ ಸಿಗಲಿಲ್ಲ ಎಂಬ ಸಾಲು ಬಂತು.

"ಕೊನೀಗೆ ಮತ್ತೊಮ್ಮೆ ಬರ್ರಿ. ಆಗ್ಲೂ ನಡೀಲಿಲ್ಲ ಅಂದ್ರ ಫೇಲ್ ಮಾಡಬೇಕಾಕ್ಕೈತಿ," ಎಂದರು ಅವರು.

ಹೊರಗೋಡಿ ಗೆಳತಿಗೆ ಫೋನ್ ಮಾಡಿದೆ. ಅವಳು ಊರಿನ ಬಸ್ಸಿನಲ್ಲಿದ್ದಳು.

"ಯಾ ಅಲ್ಲಾ! ನನ್ನ ಕೆಲಸ ಮುಗೀತಂತ ಎಲ್ಲಾ ಡಿಲೀಟ್ ಮಾಡಿ ಬಂದೇನಿ!"

ಬಾಡಿಗೆ ಮನೆ ಬಿಡುವಾಗ ಗುಡಿಸಿ ಒರೆಸಿಯೇ ಕೀಲಿ ಕೊಡುವುದು ನಮ್ಮ ಕಡೆಯ ಪದ್ಧತಿ. ಪುಣ್ಯಾತ್ಗಿತ್ತಿ ತನ್ನ ಫೋಲ್ಡರನ್ನೂ ಹಾಗೇ ಚೊಕ್ಕಟ ಮಾಡಿ ಬಿಟ್ಟಿದ್ದಳು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ.

"ಒಂದು ಮಾತು ಕೇಳಾಕ ಏನಾಗಿತ್ತು ನಿನಗ?" ಎಂದು ಕೂಗಿದೆ.

"ಆಮ್ಯಾಲೆ ಬೈಯಿ. ಈಗ ನಿನ್ನ ಫೋಲ್ಡರ್‌ನಾಗ ಹಾಕ್ಕೋ. ನಾ ಹೇಳ್ತೇನಿ, ಟೈಪ್ ಮಾಡು."

ಲ್ಯಾಬಿನ ಹಿಂದಿನ ಸಾಲಿನ ಕಂಪ್ಯೂಟರಿಗೆ ಕೂತು, ಅವಳು ಹೇಳಿದಂತೆ ಟೈಪ್ ಮಾಡುತ್ತ ಹೋದೆ. ಇನ್‌ಸ್ಟಾಲ್ ಶುರುವಾದದ್ದೇ ತಡ, ಫೋನ್ ಕಟ್ಟಾಯಿತು. ಕಾಲೇಜಿನ ನೆಟ್ಟು ಕುಂಟುತ್ತಿತ್ತು. ಒಬ್ಬೊಬ್ಬರೇ ಪರೀಕ್ಷೆ ಮುಗಿಸಿ ಹೋದರು. ನನ್ನನ್ನು ಕರೆಯುವ ಹೊತ್ತಿಗೆ ಇನ್‌ಸ್ಟಾಲೂ ಮುಗಿಯಿತು. ಮೊದಲ ಸಾಲಿನಲ್ಲಿ ನನ್ನ ಫೋಲ್ಡರಿನ ವಿಳಾಸ ಹಾಕಿ ಪ್ರೋಗ್ರಾಂ ಶುರು ಮಾಡಿದೆ. ಪರದೆಯ ಮೇಲೆ ಎಲೆ, ಅದರ ಕೆಳಗೆ ರೋಗದ ಹೆಸರು.

"ನಡೀತಲ್ಲ, ಹೋಗ್ರಿ ಇನ್ನ," ಎಂದು ಪರೀಕ್ಷಕರು ನಕ್ಕರು.

ಹೊರಗೆ ಬಂದರೆ ಗೆಳತಿ ಬಾಗಿಲ ಪಕ್ಕ ನೆಲಕ್ಕೆ ಕುಳಿತಿದ್ದಳು. ಬಂಕಾಪುರದಲ್ಲಿ ಇಳಿದು, ಸಿಕ್ಕ ಟೆಂಪೊ ಹತ್ತಿ ವಾಪಸ್ ಬಂದಿದ್ದಳು. ಪರೀಕ್ಷೆ ನಡೆಯುತ್ತಿದೆ ಎಂದು ಒಳಗೆ ಬಿಟ್ಟಿರಲಿಲ್ಲ.

"ಆತೇನು?"

"ಆತು."

ಅವಳು ನನ್ನ ಕೈ ಹಿಡಿದುಕೊಂಡು ಅಳತೊಡಗಿದಳು. "ನಿನ್ನ ವರ್ಷ ನಾನಽ ಹಾಳ ಮಾಡಿದೆ ಅಂದ್ಕೊಂಡಿದ್ದೆ," ಎಂದಳು.